ಹಾಡಿಗೆ ಮುಂಚೆ ಹಂಚಿದ ಟವೆಲು

ಈ ಸಲ ಹೋದಾಗಲೂ ಸಂಗೀತೋತ್ಸವದ ಹಾಲಿನ ಬಾಗಿಲಲ್ಲಿ ಕೈಗೆ ಸ್ಪಿರಿಟ್ಟು ಹೊಡೆದುಕೊಳ್ಳುವ ಬಾಟಲಿ ಇತ್ತು. ಈಗ ಅದನ್ನು ಯಾರೂ ಮುಟ್ಟುವುದಿಲ್ಲ, ಮೇಜಿನ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ನಾನು ಹಳೆಯ ರೂಢಿಯಲ್ಲಿ ಒತ್ತಿದೆ. ಕೈಯಿಂದ ಸ್ಪಿರಿಟ್ಟಿನ ವಾಸನೆ, ಒಳಗಿನಿಂದ ಊದುಬತ್ತಿಯ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ಕೊರೋನಾ ಕಾಲದ ಆ ಚಳಿಗಾಲ ಕಣ್ಣೆದುರು ಬಂತು. ಒಂದು ಬೆಂಚು, ಅದರ ಮೇಲೆ ಕೂತ ಒಬ್ಬ ಮುದುಕಿ. ವಯಸ್ಸಾದ ಮೇಲೆ ನಾಚಿಕೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ನನಗಂತೂ ಆಗಿಲ್ಲ.

ನಾನು ಮೈಸೂರಿನವಳು. ಓದಿದ್ದು ಮೂರನೇ ಕ್ಲಾಸು. ಹೂ ಕಟ್ಟಿ ಮಾರಿ ಮಗಳು ಸುಮಾಳನ್ನು ಓದಿಸಿದೆ. ಅವಳೂ ಅಳಿಯಂದಿರು ಗಿರೀಶರೂ ಟೋಕಿಯೋಗೆ ಬಂದು ಫುನಾಬೊರಿಯಲ್ಲಿ ಮನೆ ಮಾಡಿದರು. ಇಲ್ಲಿ ನಮ್ಮ ಜನ ವರ್ಷಕ್ಕೊಂದು ಸಲ, ಚಳಿ ಇನ್ನೂ ಇರುವಾಗ, ಪ್ಲಮ್ ಗಿಡ ಹೂ ಬಿಡುವ ಹೊತ್ತಿಗೆ ಇಡೀ ದಿನ ಸಂಗೀತೋತ್ಸವ ಮಾಡುತ್ತಾರೆ. ನನ್ನ ಮಗಳು ಈ ದೇಶಕ್ಕೆ ಕಾಲಿಡುವ ಮುಂಚಿನಿಂದ ನಡೆದುಕೊಂಡು ಬಂದದ್ದು ಅದು.

ಸಂಗೀತ ನನಗೆ ಬಾಗಿಲ ಕಡೆಯಿಂದ ಗೊತ್ತು. ಮೈಸೂರಿನಲ್ಲಿ ಒಂದು ಸಂಗೀತ ಸಭೆಯ ಉತ್ಸವಕ್ಕೆ ಎಷ್ಟೋ ವರ್ಷ ಹೂ ಕೊಟ್ಟಿದ್ದೇನೆ. ಹಾರ, ದಂಡೆ ಕೊಟ್ಟು, ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ, ನಾನೂ ಹೋಗಲಿಲ್ಲ.

ಸುಮಾಳ ಮೊದಲ ಬಾಣಂತನಕ್ಕೆ ಬಂದಾಗ ಈ ಉತ್ಸವವನ್ನು ಮೊದಲು ನೋಡಿದೆ. ಸರ್ಕಾರದವರು ಬಾಡಿಗೆಗೆ ಕೊಡುವ ಕಟ್ಟಡದಲ್ಲಿ ಒಂದು ಚಾಪೆ ಹಾಸಿದ ಕೋಣೆ. ನಮ್ಮವರು ಒಂದು ಇಪ್ಪತ್ತು ಜನ, ಜಪಾನಿನವರು ಹತ್ತು ಹನ್ನೆರಡು. ಹಾಡುವವರು ಮಧ್ಯದಲ್ಲಿ, ಕೇಳುವವರು ಸುತ್ತ. ಬೆಳಿಗ್ಗೆ ಕೂತವರು ಸಾಯಂಕಾಲ ಎಲ್ಲರೂ ಸೇರಿ ಹಾಡುವ ಕೊನೆಯ ಹಾಡಿನವರೆಗೂ ಏಳುತ್ತಿರಲಿಲ್ಲ. ಹೊರಗೆ ಬಂದರೆ ನನ್ನ ಚಪ್ಪಲಿ ಬಿಟ್ಟ ಹಾಗೆ ಇರಲಿಲ್ಲ. ಎಲ್ಲರ ಚಪ್ಪಲಿ, ಬೂಟು, ಮೂತಿ ಬಾಗಿಲ ಕಡೆ ಮಾಡಿ ಸಾಲಾಗಿ ನಿಂತಿದ್ದವು. ಕಾಲು ತೂರಿಸಿದರೆ ಸಾಕು, ನಡೆಯಬಹುದು.

"ಯಾರೇ ಇದು ತಿರುಗಿಸಿ ಇಟ್ಟೋರು?" ಅಂದೆ.

"ಒಕಾದಾ-ಸಾನ್, ಅಮ್ಮ. ಅಗೋ, ಬೂದು ಸ್ವೆಟರ್. ಪ್ರತಿ ವರ್ಷ ಬರ್ತಾರೆ. ಒಳಗೆ ಬರೋಕೆ ಮುಂಚೆ ಎಲ್ಲಾರದ್ದೂ ಜೋಡಿಸಿ ಬರ್ತಾರೆ."

ನನ್ನ ವಯಸ್ಸಿನ ಹೆಂಗಸು. ಕುಳ್ಳಿ. ನಮ್ಮ ಮಾತು ಒಂದೂ ಬಾರದು. ಕೊನೆಯ ಸಾಲಿನಲ್ಲಿ ಮಂಡಿಯೂರಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ನಮ್ಮೂರಲ್ಲಿ ಬೇರೆಯವರ ಚಪ್ಪಲಿಗೆ ಕಾಲು ತಾಕಿದರೂ ಮುಖ ಹಿಂಡುತ್ತೇವೆ. ಇವಳು ಕೈಯಲ್ಲೇ ಎತ್ತಿ ಇಡುತ್ತಿದ್ದಳು.

ಎರಡನೇ ಸಲ ಬಂದಾಗ ಮೊಮ್ಮಗಳು ನಿಧಿಗೆ ಐದೋ ಆರೋ ವರ್ಷ. ಉತ್ಸವ ಅದೇ ಕಟ್ಟಡದ ದೊಡ್ಡ ಹಾಲಿಗೆ ಬಂದಿತ್ತು. ಜನವೋ ಜನ. ಎಲ್ಲ ಹೊಸಬರು, ಕಂಪನಿಯವರು, ಮಕ್ಕಳೊಂದಿಗರು. ಹಾಡುವವರು ವೇದಿಕೆಯ ಮೇಲೆ ಹತ್ತಿದ್ದರು. ಒಂದೊಂದು ಮಗುವಿಗೆ ಒಂದೊಂದು ಹಾಡು. ಮಗು ಹತ್ತುವ ಹೊತ್ತಿಗೆ ಅಪ್ಪ ಅಮ್ಮ ಮೊಬೈಲು ಹಿಡಿದು ಮುಂದೆ ಓಡುವುದು, ಮಗು ಇಳಿದ ಕೂಡಲೇ ಕೋಟು ಹಾಕಿಕೊಂಡು ಮನೆಗೆ ಹೋಗುವುದು. ಒಬ್ಬಳು ನನ್ನ ಭುಜ ತಟ್ಟಿ, "ಆಂಟಿ, ಸ್ವಲ್ಪ ಬಗ್ಗಿ, ನಿಮ್ಮ ತುರುಬು ವಿಡಿಯೋದಲ್ಲಿ ಬರ್ತಿದೆ" ಅಂದಳು. "ನಿನ್ನ ಮಗಳು ಹಾಡ್ತಿರೋದು ಕೇಳ್ಸ್ಕೋಳಮ್ಮ, ತುರುಬು ಆಮೇಲೆ ನೋಡ್ಕೊಬಹುದು" ಅಂದೆ. ಆಮೇಲೆ ಬಗ್ಗಿದೆ. ಯಾಕೆಂದರೆ ನಿಧಿಯ ಸರದಿ ಬಂದಾಗ ಸುಮಾಳೂ ಹಾಗೇ ಓಡಿದಳು, ನಿಧಿ ಇಳಿದ ಮೇಲೆ ನಾವೂ ಹಾಗೇ ಹೊರಟೆವು.

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅದರ ನಡುವೆ ಒಕಾದಾ-ಸಾನ್ ಬಗ್ಗಿಕೊಂಡು ಜೋಡಿ ಹುಡುಕುತ್ತಿದ್ದಳು. ಹಳೆಯ ಜಪಾನಿಯರು ಹೆಚ್ಚಿನವರು ಬರುವುದು ಬಿಟ್ಟಿದ್ದರು. ಇವಳು ಬಿಟ್ಟಿರಲಿಲ್ಲ.

ಮೂರನೇ ಸಲ ಬಂದದ್ದು ಸುಮಾಳ ಎರಡನೇ ಹೆರಿಗೆಗೆ. ಬಂದ ಕೆಲವೇ ದಿನದಲ್ಲಿ ಟೀವಿಯಲ್ಲಿ ಬರೀ ಕಾಯಿಲೆಯ ಸುದ್ದಿ. ಉತ್ಸವಕ್ಕೆ ಎಲ್ಲ ತಯಾರಾಗಿತ್ತು, ಇನ್ನೇನು ನಡೆಯಬೇಕು ಅನ್ನುವಾಗ ರದ್ದಾಯಿತು. ಮಗು ಹುಟ್ಟಿತು, ವಿಮಾನ ನಿಂತಿತು. ಮೂರು ತಿಂಗಳಿಗೆ ಅಂತ ಬಂದವಳು ಉಳಿದುಬಿಟ್ಟೆ. ವಿಮಾನ ಬಿಟ್ಟ ಮೇಲೂ ಊರಿನ ಸುದ್ದಿ ಕೇಳಿ ಮಗಳು ಕಳಿಸಲಿಲ್ಲ. ವೀಸಾ ಮುಗಿದಂತೆಲ್ಲ ಅಳಿಯಂದಿರು ಮುಂದಕ್ಕೆ ಹಾಕಿಸಿಕೊಂಡು ಬರುತ್ತಿದ್ದರು.

ಮರುವರ್ಷ ಉತ್ಸವ ಮಾಡಲೇಬೇಕು ಅಂತ ಕಮಿಟಿಯವರು ಹಟ ಹಿಡಿದರು. ಆ ವರ್ಷ ಕಮಿಟಿಗೆ ನಮ್ಮ ಅಳಿಯಂದಿರೇ ಮುಂದಾಳು. ಹಾಲಿನವರು ಕೊಟ್ಟರು, ಆದರೆ ಕಟ್ಟುಪಾಡು ಹಾಕಿಯೇ ಕೊಟ್ಟರು. ಅರ್ಧ ಜನ ಮಾತ್ರ. ಮಾಸ್ಕು ತೆಗೆಯುವ ಹಾಗಿಲ್ಲ. ಕೇಳುವವರು ಬಾಯಿ ಬಿಡುವ ಹಾಗಿಲ್ಲ, ಭೇಷ್ ಅನ್ನುವ ಹಾಗೂ ಇಲ್ಲ. ಗಾಳಿ ಆಡಲಿ ಅಂತ ಕಿಟಕಿಗಳೆಲ್ಲ ದಿನವಿಡೀ ತೆರೆದಿರಬೇಕು. ಎಲ್ಲಕ್ಕಿಂತ ದೊಡ್ಡ ಮಾತು ಕೊನೆಯದು. ಸುತ್ತಲಿನ ಮನೆಯವರು ಗಲಾಟೆ ಅಂತ ಒಬ್ಬರು ದೂರಿದರೂ ಮುಂದಿನ ವರ್ಷದಿಂದ ಹಾಲು ಇಲ್ಲ.

"ಇಷ್ಟು ವರ್ಷ ಒಂದೂ ಕಂಪ್ಲೇಂಟ್ ಬಂದಿಲ್ಲ ಅತ್ತೆ," ಅಂದರು ಗಿರೀಶರು. "ನಮ್ಮವರಿಗೆ ಡಿಸಿಪ್ಲಿನ್ ಇದೆ."

"ಕಿಟಕಿ ಮುಚ್ಚಿತ್ತಲ್ಲ ಆಗ."

"ಅದೂ ಇದೆ" ಅಂತ ತಲೆ ಕೆರೆದುಕೊಂಡರು.

ಆ ದಿನ ಎಲ್ಲರೂ ಕೋಟು ಹಾಕಿಕೊಂಡೇ ಕೂತಿದ್ದೆವು. ಕಿಟಕಿಯಿಂದ ಬರುವ ಗಾಳಿ ಮೂಳೆಗೆ ಹೊಕ್ಕುತ್ತಿತ್ತು. ಒಂದು ಬಿಟ್ಟು ಒಂದು ಕುರ್ಚಿಗೆ ಟೇಪು ಅಂಟಿಸಿದ್ದರು. ಬಾಗಿಲಲ್ಲಿ ಗಿರೀಶರೇ ನಿಂತು, ಮೊಬೈಲಿಗೆ ಬಂದ ಚೌಕದ ಗುರುತು ತೋರಿಸಿದವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಹಾಡುವ ಮಕ್ಕಳ ಮನೆಯವರಿಗೇ ಕುರ್ಚಿ ಸಾಲದೆ ಬಂದಿತ್ತು. ನಿಧಿಯ ಅಜ್ಜಿ ಅಂತ ನನಗೊಂದು ಸಿಕ್ಕಿತ್ತು, ಕಿಟಕಿಯ ಪಕ್ಕದಲ್ಲಿ.

ಒಕಾದಾ-ಸಾನ್ ಬಂದಳು. ಅದೇ ಬೂದು ಸ್ವೆಟರು, ಮೇಲೆ ಕೋಟು. ಅವಳ ಹತ್ತಿರ ಗುರುತು ಇರಲಿಲ್ಲ. ಗಿರೀಶರು ಬಗ್ಗಿ ಬಗ್ಗಿ, "ಸುಮಿಮಾಸೆನ್, ಸುಮಿಮಾಸೆನ್" ಅಂತ ಕ್ಷಮೆ ಕೇಳಿದರು. ಅವಳು ಅವರಿಗಿಂತ ಕೆಳಗೆ ಬಗ್ಗಿದಳು. ವಾಪಸು ತಿರುಗಿದವಳು ನೆಲದಲ್ಲಿ ಕೂತು ಇದ್ದ ಚಪ್ಪಲಿಗಳನ್ನೆಲ್ಲ ಬಾಗಿಲ ಕಡೆ ತಿರುಗಿಸಿ ಇಟ್ಟಳು. ಆಮೇಲೆ ಹೊರಗೆ ಹೋದಳು.

ಮನೆಗೆ ಹೋದಳು ಅಂದುಕೊಂಡೆ. ಕಿಟಕಿಯಿಂದ ನೋಡಿದರೆ ಓಣಿಯ ಆಚೆ, ಕಾಸು ಹಾಕಿದರೆ ಕಾಫಿ ಡಬ್ಬಿ ಬೀಳುವ ಮಿಷನ್ನಿನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ. ನಿಧಿ ಹಾಡುವಾಗಲೂ ಅಲ್ಲೇ ಇದ್ದಳು. ಮಧ್ಯಾಹ್ನವೂ ಇದ್ದಳು. ನಾನು ಎದ್ದು ಬಾಗಿಲಿಗೆ ಹೋಗಿ ಅಳಿಯಂದಿರಿಗೆ ಹೇಳಿದೆ.

"ಆಯಮ್ಮ ಚಳಿಯಲ್ಲಿ ಕೂತವ್ಳೆ. ನನ್ನ ಕುರ್ಚಿ ಕೊಡಿ. ನನಗೇನು ರಾಗ ಗೊತ್ತಾಗಬೇಕಾ."

"ಹೆಸರು ಬದಲಾಯಿಸೋ ಹಾಗಿಲ್ಲ ಅತ್ತೆ. ಹಾಲಿನೋರು ಚೆಕ್ ಮಾಡ್ತಾರೆ. ರೂಲ್ಸ್."

ಅಳಿಯಂದಿರ ಜೊತೆ ಬಾಗಿಲಲ್ಲಿ ನಿಂತು ವಾದ ಮಾಡುವುದು ಹೇಗೆ? ಬಂದು ಕೂತೆ. ಕೊನೆಗೆ ಎಲ್ಲರೂ ಸೇರಿ ಹಾಡುವ ಹಾಡು ಆ ವರ್ಷ ಇರಲಿಲ್ಲ. ಹಿಂದಿನ ಯಾವುದೋ ವರ್ಷ ಹಾಡಿದ್ದನ್ನು ಸ್ಪೀಕರಿನಲ್ಲಿ ಹಾಕಿದರು. ನಮ್ಮದೇ ದನಿ ಕೇಳುತ್ತಿದೆ, ನಮ್ಮ ಬಾಯಿ ಮುಚ್ಚಿದೆ. ಎಲ್ಲರೂ ತೊಡೆ ತಟ್ಟುತ್ತಾ ಕೂತಿದ್ದರು. ಓಣಿಯ ಆಚೆ ಅವಳೂ ತಟ್ಟುತ್ತಿದ್ದಳು.

ಒಂದೂ ದೂರು ಬರಲಿಲ್ಲ. ಕಮಿಟಿಯವರು ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಹೂಗುಚ್ಛದ ಚಿತ್ರ ಕಳಿಸಿಕೊಂಡರು.

ಆಮೇಲೆ ಒಂದು ದಿನ ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ನಾನೂ ನಿಧಿಯೂ ಆ ಓಣಿಯಲ್ಲಿ ಬರುತ್ತಿದ್ದೆವು. ಹಾಲಿಗೆ ಅಂಟಿಕೊಂಡ ಮನೆಯ ಯಜಮಾನ ಕುಂಡದ ಗಿಡಗಳಿಗೆ ನೀರು ಹಾಕುತ್ತಿದ್ದ. ನನ್ನ ಸೀರೆ ನೋಡಿ ನಿಧಿಯ ಹತ್ತಿರ ಏನೋ ಹೇಳಿದ.

"ಏನಂತೆ?"

"ಈ ವರ್ಷ ಕಿಟಕಿ ಓಪನ್ ಇತ್ತಲ್ಲ, ಸೋ ತುಂಬಾ ಜೋರಾಗಿ ಕೇಳಿಸ್ತು ಅಂತೆ."

ತಳ್ಳುಗಾಡಿ ನಿಲ್ಲಿಸಿದೆ. "ದೂರು ಕೊಡ್ತಾನಂತಾ?"

ನಿಧಿ ಕೇಳಿದಳು. ಅವನು ನಕ್ಕು ಕೊರಳಿಗೆ ಹಾಕಿಕೊಂಡಿದ್ದ ತೆಳ್ಳನೆಯ ಬಿಳಿ ಟವೆಲು ಎತ್ತಿ ತೋರಿಸಿದ. ತುಂಬಾ ಹೊತ್ತು ಮಾತಾಡಿದ. ನಿಧಿ ನೆಲ ನೋಡಿಕೊಂಡು ನಿಂತಿದ್ದಳು.

"ಹೇಳೇ."

"ಅಜ್ಜಿ, ಒಕಾದಾ-ಸಾನ್ ಎವ್ರಿ ಇಯರ್ ಹಿಂದಿನ ದಿನ ಬಂದು ಎಲ್ಲಾ ಮನೆಗೂ ಟವೆಲ್ ಕೊಡ್ತಾರಂತೆ. ನಾಳೆ ಸೌಂಡ್ ಆಗುತ್ತೆ, ಸಾರಿ ಅಂತ. ನಮ್ಮ ಪರವಾಗಿ. ಇಲ್ಲಿ ಹಾಗೇ ಮಾಡ್ಬೇಕು, ಗಲಾಟೆ ಆಗೋ ಕೆಲಸ ಇದ್ರೆ. ಈ ಸಲ ಕಿಟಕಿ ತೆಗೆದಿರ್ತಾರೆ, ಯಾರಿಗಾದ್ರೂ ಕಷ್ಟ ಆದ್ರೆ ಹಾಲಿಗೆ ಹೋಗ್ಬೇಡಿ, ನನ್ನ ಹತ್ರ ಬಂದು ಬೈಯಿರಿ, ನಾನು ಹತ್ರದಲ್ಲೇ ಇರ್ತೀನಿ ಅಂದಿದ್ರಂತೆ."

ಆಮೇಲೆ ಸೇರಿಸಿದಳು. "ಅವ್ರು ನಮ್ಮ ಅಸೋಸಿಯೇಷನ್ ಪ್ರೆಸಿಡೆಂಟಾ ಅಂತ ಕೇಳ್ತಿದಾರೆ."

ನನಗೆ ಆ ಮನುಷ್ಯನ ಮುಖ ನೋಡಲಾಗಲಿಲ್ಲ. ತಳ್ಳುಗಾಡಿಯ ಮಗುವಿನ ಹೊದಿಕೆ ಸರಿ ಮಾಡಿದೆ. ಸರಿಯಾಗಿಯೇ ಇತ್ತು, ಮತ್ತೆ ಮಾಡಿದೆ. ನಮ್ಮ ಡಿಸಿಪ್ಲಿನ್ನು ಅಂತ ಹೇಳಿಕೊಂಡು ತಿರುಗಿದ್ದು ಇಷ್ಟು ವರ್ಷ ಆ ಮುದುಕಿ ಮನೆಮನೆಗೆ ಹೋಗಿ ಬಗ್ಗಿದ್ದರ ಫಲ. ಒಳಗೆ ಜಾಗ ಕೊಡದೆ ಕಳಿಸಿದ ದಿನವೂ, ನಮಗೆ ಬೀಳಬೇಕಾದ ಬೈಗುಳ ತಾನು ತಿನ್ನೋಣ ಅಂತ ಚಳಿಯಲ್ಲಿ ಕೂತಿದ್ದಳು.

ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದೆ. ಗಿರೀಶರು ತುತ್ತು ಕೈಯಲ್ಲೇ ಇಟ್ಟುಕೊಂಡರು.

"ಯಾರೂ ನಮಗೆ ಹೇಳ್ಲಿಲ್ಲವಲ್ಲ ಅತ್ತೆ."

"ಯಾರೂ ಕೇಳ್ಲಿಲ್ಲವಲ್ಲ" ಅಂದಳು ಸುಮಾ.

"ಏನಾದ್ರೂ ಮಾಡ್ಬೇಕು. ಸನ್ಮಾನ ಮಾಡೋಣ. ಮನೆಗೇ ಹೋಗಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು."

ನನಗೂ ಅದೇ ಸರಿ ಅನ್ನಿಸಿತು. ನಮಗೆ ಗೊತ್ತಿರುವ ಮರ್ಯಾದೆ ಅದೊಂದೇ. ಹಾರ ನಾನು ಕಟ್ಟುತ್ತೇನೆ ಅಂದೆ. ಬೇರೆಯವರ ಕೈಯಲ್ಲಿ ಕಟ್ಟಿಸುವುದು ಏನು, ನಾನಿರುವಾಗ. ಹತ್ತಿರದ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಬಕೆಟ್ಟಿನಲ್ಲಿ ಸೇವಂತಿಗೆಯ ಕಂತೆ ಇಟ್ಟಿರುತ್ತಾರೆ, ಬಿಳಿ ಹಳದಿ ಸೇರಿಸಿ. ಎಷ್ಟೋ ಸಲ ನೋಡಿ ಆಸೆಪಟ್ಟಿದ್ದೆ. ನಾನೇ ಹೋಗಿ ತಂದೆ. ಒಳ್ಳೆಯ ಹೂವು, ಬಿಗಿಯಾದ ದಳ. ಬೆಳಿಗ್ಗೆಯೆಲ್ಲ ಕೂತು ಕೈ ತುಂಬುವ ಹಾರ ಕಟ್ಟಿದೆ. ವರ್ಷವಿಡೀ ಮಾಸ್ಕು ಹಾಕಿಕೊಂಡು ಮೂಲೆಯಲ್ಲಿ ಕೂತವಳಿಗೆ ಕೈಗೆ ಕೆಲಸ ಸಿಕ್ಕಿತ್ತು. ನಿಜ ಹೇಳಬೇಕೆಂದರೆ ಬೀಗುತ್ತಿದ್ದೆ.

ಅವಳ ಮನೆ ಆ ಕಾಫಿ ಡಬ್ಬಿ ಮಿಷನ್ನಿನ ಹಿಂದೆಯೇ. ನಾವು ಎಂಟು ಹತ್ತು ಜನ ಹೋದೆವು, ರೇಷ್ಮೆ ಸೀರೆ ಉಟ್ಟು, ಗುಂಪು ಕಟ್ಟಿಕೊಂಡು, ಗುಂಪೇ ಕೂಡದು ಅನ್ನುವ ಕಾಲದಲ್ಲಿ. ಸುತ್ತಲಿನ ಮನೆಗಳ ಕಿಟಕಿಗಳಲ್ಲಿ ಮುಖಗಳು ಕಂಡವು. ಬಾಗಿಲು ತೆಗೆದ ಒಕಾದಾ-ಸಾನ್ ಒಂದು ಗಳಿಗೆ ಹಿಂದೆ ಸರಿದಳು. ಆಮೇಲೆ ಬಗ್ಗಿದಳು. ಶಾಲು ಹೊದಿಸಿದರು. ತಟ್ಟೆ ಕೊಟ್ಟರು. ಮೊಬೈಲುಗಳು ಮೇಲೆದ್ದವು. ನಾನು ಮುಂದೆ ಹೋಗಿ ಹಾರ ಹಾಕಿದೆ.

ಅವಳ ಕಣ್ಣು ಹಾರದ ಮೇಲೆ ನಿಂತಿತು. ನಕ್ಕಳು, ಬಗ್ಗಿದಳು. ಎರಡೂ ಕೈಯಲ್ಲಿ ಹಾರ ತೆಗೆದು, ಒಳಗೆ ಹೋಗಿ, ಗೋಡೆಯ ಪಕ್ಕದ ಕಪ್ಪು ಮಂಟಪದಲ್ಲಿದ್ದ ಒಬ್ಬ ಗಂಡಸಿನ ಪಟದ ಮುಂದೆ ಇಟ್ಟಳು. ಪುಟ್ಟ ಗಂಟೆ ಬಾರಿಸಿ ಕೈಮುಗಿದಳು. ದೇವರಿಗೆ ಒಪ್ಪಿಸಿದಳು ಅಂತ ನಮ್ಮವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸ್ಕೂಲು ಮುಗಿಸಿ ಅಷ್ಟರಲ್ಲಿ ಓಡಿ ಬಂದಿದ್ದ ನಿಧಿ ನನ್ನ ಸೆರಗು ಜಗ್ಗಿದಳು. ಮೊಗ ಕೆಂಪಾಗಿತ್ತು.

"ಅಜ್ಜಿ, ಆ ಹೂ ಎಲ್ಲಿಂದ ತಂದೆ?"

"ಸೂಪರ್ ಮಾರ್ಕೆಟ್ಟು. ಬಾಗಿಲಲ್ಲಿ ಬಕೆಟ್ಟಿನಲ್ಲಿ ಇಡ್ತಾರಲ್ಲ."

"ಅದು ಸತ್ತವರಿಗೆ ಇಡೋದು. ಸಮಾಧಿಗೆ. ಬದುಕಿರೋರಿಗೆ ಯಾರೂ ಕೊಡಲ್ಲ."

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ನನ್ನ ಕೈ ನಿಂತಿತು. ಪಟದಲ್ಲಿದ್ದವನು ಅವಳ ಗಂಡ ಅಂತ ಆಗ ಗೊತ್ತಾಯಿತು. ಜನ್ಮವಿಡೀ ಹೂ ಕಟ್ಟಿದವಳು ನಾನು, ಯಾವ ಹೂ ಮದುವೆಗೆ, ಯಾವುದು ಹೆಣಕ್ಕೆ ಅಂತ ನಮ್ಮೂರಲ್ಲಿ ಕೇಳದೆಯೇ ಕಟ್ಟಿಕೊಡುತ್ತಿದ್ದವಳು. ಇಲ್ಲಿ ಕೇಳಬೇಕು ಅಂತ ಹೊಳೆಯಲೇ ಇಲ್ಲ. ನಮ್ಮ ಚಪ್ಪಲಿ ಮುಟ್ಟಿದವಳ ಕೊರಳಿಗೆ ಹೆಣದ ಹೂ ಹಾಕಿ, ಅಕ್ಕಪಕ್ಕದವರೆಲ್ಲ ನೋಡುವ ಹಾಗೆ ನಿಲ್ಲಿಸಿದ್ದೆವು. ಅವಳು ನಮ್ಮ ಮಾನ ಕಳೆಯದೆ, ಹೂವನ್ನು ಅದು ಸೇರಬೇಕಾದ ಕಡೆಗೆ ಸೇರಿಸಿದಳು. ತಪ್ಪಾಯಿತು ಅನ್ನುವುದಕ್ಕೂ ನನಗೆ ಅವಳ ಮಾತು ಬಾರದು.

ಆ ಮೇಲೆ ಬಹಳ ದಿನ ಆ ಓಣಿಯಲ್ಲಿ ಹೋಗಲಿಲ್ಲ. ಮಗುವಿನ ಗಾಡಿಯನ್ನು ನದಿಯ ಏರಿಯ ಮೇಲೆ ತಳ್ಳಿಕೊಂಡು ಸುತ್ತಿ ಬರುತ್ತಿದ್ದೆ.

ಮತ್ತೆ ಚಳಿ ಬಂತು, ಮತ್ತೆ ಉತ್ಸವ ಬಂತು. ಮಾಸ್ಕು, ಕಿಟಕಿ, ಎಲ್ಲ ಹಾಗೇ. ಈ ಸಲ ಒಕಾದಾ-ಸಾನ್‌ಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತೇವೆ ಅಂದರು ಗಿರೀಶರು. ಕುರ್ಚಿ ಹಾಕಿ, ಟವೆಲು ನಾವು ಕೊಡೋಣ, ಅವಳಿಂದ ಇನ್ನು ಮಾಡಿಸಿಕೊಳ್ಳುವುದು ಬೇಡ ಅಂದೆ. ಯಾವ ಟವೆಲು, ಯಾವ ಕಾಗದದಲ್ಲಿ ಸುತ್ತಬೇಕು, ಎಲ್ಲವನ್ನೂ ನಿಧಿಯಿಂದ ಅವಳ ಟೀಚರ ಹತ್ತಿರ ಕೇಳಿಸಿದೆ. ಎರಡೆರಡು ಸಲ ಕೇಳಿಸಿದೆ.

"ಅಜ್ಜಿ, ಟವೆಲ್ ಜಸ್ಟ್ ಟವೆಲ್. ಅದಕ್ಕೆ ಯಾರೂ ಸಾಯಲ್ಲ" ಅಂದಳು.

"ನೀನು ಸುಮ್ನೆ ಕೇಳು."

ಹಿಂದಿನ ದಿನ ಇಬ್ಬರೂ ಹೊರಟೆವು. ನಿಧಿ ಹೇಳುವುದು, ನಾನು ಬಗ್ಗುವುದು. ಗಿಡದ ಯಜಮಾನ ಟವೆಲು ತೆಗೆದುಕೊಂಡು, "ಓ, ಈ ವರ್ಷ ಅಜ್ಜಿ ಬದಲಾದರು" ಅಂದನಂತೆ. ಓಣಿಯ ಮನೆಗಳೆಲ್ಲ ಮುಗಿದವು. ಒಂದು ಉಳಿಯಿತು. ಅವಳ ಮನೆಯೂ ಹಾಲಿಗೆ ಎದುರೇ ಅಲ್ಲವಾ? ಅವಳಿಗೂ ಸದ್ದು ಕೇಳುತ್ತದೆ. ಇಷ್ಟು ವರ್ಷ ಅವಳ ಬಾಗಿಲಿಗೆ ಯಾರೂ ಟವೆಲು ತಂದಿರಲಿಲ್ಲ.

ಬಾಗಿಲು ತೆಗೆದಳು. ಬೂದು ಸ್ವೆಟರು. ನಾನು ಎರಡೂ ಕೈಯಲ್ಲಿ ಚಾಚಿದೆ. "ಸುಮಿಮಾಸೆನ್" ಅಂದೆ. ನನಗೆ ಬರುತ್ತಿದ್ದದ್ದು ಅದೊಂದು, ಉಪಕಾರವಾಯಿತು ಅನ್ನುವ ಅರಿಗಾತೋ ಒಂದು. ಅರಿಗಾತೋ ಬಾಯಿಗೆ ಬರಲಿಲ್ಲ. ಅವಳು ಟವೆಲನ್ನು ತುಂಬಾ ಹೊತ್ತು ನೋಡಿದಳು. ಒಳಗೆ ಬನ್ನಿ ಅಂದಳು. ಬಾಗಿಲ ಒಳಗಿನ ಕಟ್ಟೆಯಲ್ಲಿ ಕೂರಿಸಿ ಟೀ ಕೊಟ್ಟಳು. ನಾಳೆ ಬರಬೇಕಂತೆ, ಮುಂದಿನ ಕುರ್ಚಿ ನಿಮ್ಮದಂತೆ ಅಂತ ನಿಧಿ ಹೇಳಿದಳು. ಒಕಾದಾ-ಸಾನ್ ಕೈ ಆಡಿಸಿದಳು.

"ಏನಂತೆ?"

"ಕುರ್ಚಿ ಮಕ್ಕಳ ಅಪ್ಪ ಅಮ್ಮಂಗೆ ಬೇಕು ಅಂತೆ. ಮೊಣಕಾಲು ನೋವು, ಮನೆಯಿಂದಲೇ ಕೇಳ್ತಾರಂತೆ. ಈಗ ಕಿಟಕಿ ತೆಗೆದಿರ್ತಾರಲ್ಲ, ಚೆನ್ನಾಗಿ ಕೇಳ್ಸುತ್ತೆ, ಅದೇ ಸಾಕಂತೆ."

ಕುಹಕ ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಟೀ ಕುಡಿದು ಏಳುವಷ್ಟರಲ್ಲಿ, ಮೊಣಕಾಲು ನೋವಿನ ಆ ಹೆಂಗಸು ಕೆಳಗೆ ಬಗ್ಗಿ ನನ್ನ ಚಪ್ಪಲಿಯ ಮೂತಿ ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದಳು. ಬೇಡ ಅನ್ನುವುದಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಆಗಿಹೋಗಿತ್ತು. ಹಾಕಿಕೊಂಡು ಬಂದೆ.

ಆ ವರ್ಷವೇ ನಾನು ಊರಿಗೆ ಹೊರಟೆ. ಟವೆಲು ಹಂಚುವ ಕೆಲಸ ನಿಧಿ ಬಿಡಲಿಲ್ಲ.

ಈಗ ಮತ್ತೆ ಬಂದಿದ್ದೇನೆ. ಹಾಲು ತುಂಬಿ ಗೋಡೆಗೆ ಒರಗಿ ಜನ ನಿಂತಿದ್ದರು. ಮಾಸ್ಕು ಇಲ್ಲ, ಟೇಪು ಇಲ್ಲ, ಬಾಯಿ ತುಂಬಾ ಮಾತು. ಮಗು ಇಳಿದ ಮೇಲೆ ಕೋಟು ಹಾಕಿಕೊಂಡು ಹೊರಡುವುದೂ ವಾಪಸು ಬಂದಿದೆ. ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ದಿತ್ತು. ನಾನು ಎಷ್ಟು ಸಾಧ್ಯವೋ ಅಷ್ಟು ತಿರುಗಿಸಿದೆ, ಉಳಿದದ್ದಕ್ಕೆ ಸೊಂಟ ಬಿಡಲಿಲ್ಲ. ಒಳಗೆ ಹೋಗಿ ಕಿಟಕಿಯ ಪಕ್ಕ ಕೂತೆ. ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಓಣಿಯ ಆಚೆಯ ಒಕಾದಾ-ಸಾನ್ ಮನೆ ಮಬ್ಬು ಗಾಜಿನಲ್ಲಿ ಕಾಣುತ್ತಿರಲಿಲ್ಲ.

ಕೊನೆಯ ಹಾಡಿಗೆ ಎಲ್ಲರೂ ಬಾಯಿ ಬಿಡುವ ಹೊತ್ತಾಯಿತು. ಎದ್ದು ಕಿಟಕಿಯ ಚಿಲಕ ತೆಗೆದು ಜರುಗಿಸಿದೆ. ಗಾಳಿ ನುಗ್ಗಿತು. ಕಮಿಟಿಯ ಬಿಲ್ಲೆ ಹಾಕಿಕೊಂಡ ಯಾರೋ ಹೊಸಬ ಓಡಿ ಬಂದ.

"ಅಜ್ಜಿ, ಹೀಟರ್ ಆನ್ ಇದೆ. ಸೌಂಡ್ ಬೇರೆ ಹೊರಗೆ ಹೋಗುತ್ತೆ."

"ಹೋಗ್ಲಿ ಅಂತಲೇ ತೆಗೆದಿದ್ದು. ಟವೆಲು ಕೊಟ್ಟಾಗಿದೆ" ಅಂದೆ.

ಅವನಿಗೆ ಅರ್ಥವಾಗಲಿಲ್ಲ. "ಚಳಿ ಆಗುತ್ತಲ್ಲ ಎಲ್ಲರಿಗೂ."

"ಕೋಟು ಹಾಕ್ಕೊಳ್ಳಪ್ಪ."

ಹಾಡು ಶುರುವಾಯಿತು. ಆಚೆಯ ಮನೆಯ ಕಿಟಕಿಯೂ ಮುಚ್ಚಿತ್ತು, ಒಳಗೆ ಯಾರು ಕೇಳುತ್ತಿದ್ದಾರೆ ಅಂತ ಕಾಣಲಿಲ್ಲ. ಹಾಡು ಮುಗಿಯುವವರೆಗೆ ಕೈಯನ್ನು ಚಿಲಕದ ಮೇಲೇ ಇಟ್ಟುಕೊಂಡು ನಿಂತಿದ್ದೆ, ಯಾರೂ ಬಂದು ಮುಚ್ಚದ ಹಾಗೆ.